ಮಾಧವನಿದಾನದ ವಿಷಮಜ್ವರಪ್ರಕರಣ: ಲಿಂಗ ಮತ್ತು ಹೇತುಗಳ ವಿವೇಚನೆ

೧

ನಿದಾನವೆಂಬ ಶಬ್ದಕ್ಕೆ ನಮ್ಮ ವೈದ್ಯಶಾಸ್ತ್ರದಲ್ಲಿ ಎರಡು ಅರ್ಥಗಳುಂಟು. ರೋಗವನ್ನು ನಿರ್ಣಯಿಸುವ ಸಮಗ್ರವ್ಯಾಪಾರಕ್ಕೆ ನಿದಾನವೆಂದು ಹೆಸರು; ಆ ವ್ಯಾಪಾರದ ಐದು ಅಂಗಗಳಲ್ಲಿ ಮೊದಲನೆಯದಾದ ರೋಗಕಾರಣಕ್ಕೂ ಅದೇ ಹೆಸರು. ಒಂದೇ ಶಬ್ದವು ನಿರ್ಣಯಕ್ಕೂ ಕಾರಣಕ್ಕೂ ಸಲ್ಲುವುದರಿಂದ, ರೋಗವನ್ನು ಚೆನ್ನಾಗಿ ಗುರುತಿಸಿದವನು ಅದರ ಕಾರಣವನ್ನೂ ಚೆನ್ನಾಗಿಯೇ ತಿಳಿದಿರಬೇಕೆಂಬ ಭ್ರಾಂತಿಗೆ ಎಡೆಯಾಗಿದೆ. ಈ ಭ್ರಾಂತಿಯಿಂದ ನಮ್ಮ ಪ್ರಾಚೀನ ಶಾಸ್ತ್ರಗ್ರಂಥಗಳ ವಿಮರ್ಶೆಗೆ ಎರಡು ವಿಧವಾದ ಹಾನಿಯುಂಟಾಗುತ್ತಲಿದೆ. ಕೆಲವರು ಗ್ರಂಥದಲ್ಲಿ ಹೇಳಿದ ಕಾರಣವು ಇಂದಿನ ಪರೀಕ್ಷೆಗೆ ನಿಲ್ಲದುದನ್ನು ಕಂಡು, ಅದರಲ್ಲಿಯ ಲಕ್ಷಣಗಳನ್ನೂ ತಿರಸ್ಕರಿಸುತ್ತಾರೆ. ಮತ್ತೆ ಕೆಲವರು ಲಕ್ಷಣಗಳ ಯಾಥಾರ್ಥ್ಯವನ್ನು ಕಂಡು ಹಿಗ್ಗಿ, ಇಂದಿನವರು ಕಂಡುಕೊಂಡ ಕಾರಣವೂ ಅಲ್ಲಿಯೇ ಅಡಗಿರಬೇಕೆಂದು ಶ್ಲೋಕಗಳನ್ನು ಹಿಂಡುತ್ತಾರೆ. ಈ ಎರಡು ಪಕ್ಷಗಳೂ ಗ್ರಂಥಕ್ಕೆ ಅನ್ಯಾಯವನ್ನೇ ಮಾಡುವುವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶವು. ಇದಕ್ಕಾಗಿ ಮಾಧವನಿದಾನದ ಜ್ವರಪ್ರಕರಣದಲ್ಲಿ ವಿಷಮಜ್ವರವನ್ನು ಕುರಿತ ಭಾಗವೊಂದನ್ನೇ ಆರಿಸಿಕೊಂಡಿದ್ದೇನೆ. ಇಂದು ಮಲೇರಿಯವೆಂದು ಪ್ರಸಿದ್ಧವಾದ ಚಳಿಜ್ವರದ ಬಹುಭಾಗವು ಈ ಹೆಸರಿನಲ್ಲಿ ಅಡಕವಾಗಿದೆಯೆಂಬುದು ವಿದ್ವಾಂಸರಿಗೆ ವಿದಿತವೇ ಇದೆ.

೨

ಇಂದುಕರನ ಮಗನಾದ ಮಾಧವಕರನು ಸುಮಾರು ಕ್ರಿ.ಶ. ೭ನೆಯ ಅಥವಾ ೮ನೆಯ ಶತಮಾನದವನು. ಅವನ ಗ್ರಂಥಕ್ಕೆ ರೋಗವಿನಿಶ್ಚಯವೆಂಬುದು ನಿಜವಾದ ಹೆಸರು. ನಿದಾನಕ್ಕೆ ಮಾಧವನು, ಸೂತ್ರಸ್ಥಾನಕ್ಕೆ ವಾಗ್ಭಟನು, ಶಾರೀರಕ್ಕೆ ಸುಶ್ರುತನು, ಚಿಕಿತ್ಸೆಗೆ ಚರಕನು ಶ್ರೇಷ್ಠರೆಂಬ ಪ್ರಸಿದ್ಧವಾದ ಸೂಕ್ತಿಯಿಂದ ಈ ಗ್ರಂಥದ ಮಾನ್ಯತೆಯು ಸ್ಪಷ್ಟವಾಗುತ್ತದೆ. ಹಲವು ತಂತ್ರಗಳನ್ನು ಓದಲು ಅವಕಾಶವಿಲ್ಲದ ಸಾಮಾನ್ಯ ವೈದ್ಯರು ರೋಗಗಳನ್ನು ಸುಲಭವಾಗಿ ಅರಿಯಲೆಂದು ಮುನಿಗಳ ವಚನಗಳನ್ನು ಕೂಡಿಸಿರುವೆನೆಂದು ಗ್ರಂಥಕಾರನೇ ಪೀಠಿಕೆಯಲ್ಲಿ ತಿಳಿಸಿದ್ದಾನೆ. ಹೀಗಾಗಿ ಇದು ಸಂಗ್ರಹಗ್ರಂಥವು. ಸಂಗ್ರಹವಾದ ಮಾತ್ರಕ್ಕೆ ಇದನ್ನು ಕಡೆಗಣಿಸತಕ್ಕದ್ದಲ್ಲ. ಯಾವುದನ್ನು ಆಯಬೇಕು, ಯಾವುದನ್ನು ಬಿಡಬೇಕು, ಯಾವ ರೋಗವಾದಮೇಲೆ ಯಾವುದನ್ನು ಹೇಳಬೇಕು ಎಂಬ ವಿವೇಕವೇ ಸಂಗ್ರಹಕಾರನ ಪ್ರತಿಭೆ. ಆಮವಾತ, ಅಮ್ಲಪಿತ್ತಗಳಿಗೆ ಬೇರೆಬೇರೆ ಪ್ರಕರಣಗಳನ್ನು ಕಲ್ಪಿಸಿದುದರಲ್ಲಿಯೂ, ಅವನ ಪ್ರಕರಣಕ್ರಮವನ್ನೇ ವೃಂದನು ತನ್ನ ಸಿದ್ಧಯೋಗದಲ್ಲಿ ಅನುಸರಿಸಿದುದರಲ್ಲಿಯೂ ಈ ವಿವೇಕದ ಬೆಲೆಯು ಕಾಣುತ್ತದೆ.

ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದರಿಂದ ರೋಗವನ್ನು ತಿಳಿಯತಕ್ಕದ್ದೆಂದು ಮೊದಲು ಪ್ರತಿಜ್ಞೆ ಮಾಡಿ, ಅನಂತರ ಮಾಧವನು ಜ್ವರಕ್ಕೆ ಬರುತ್ತಾನೆ. ವಿಷಮಜ್ವರದ ಭೇದಗಳು ಐದು. ಏಳು, ಹತ್ತು ಅಥವಾ ಹನ್ನೆರಡು ದಿನಗಳವರೆಗೆ ಬಿಡದೆ ಕಾಯುವುದು ಸಂತತವು. ಅಹೋರಾತ್ರದಲ್ಲಿ ಎರಡು ಸಲ ಬರುವುದು ಸತತವು. ಒಂದೇ ಸಲ ಬರುವುದು ಅನ್ಯೇದ್ಯುಷ್ಕವು. ನಡುವೆ ಒಂದು ದಿನವನ್ನು ಬಿಟ್ಟು ಬರುವುದು ತೃತೀಯಕವು. ಎರಡು ದಿನಗಳನ್ನು ಬಿಟ್ಟು ಬರುವುದು ಚತುರ್ಥಕವು. ಇಲ್ಲಿ ಗಣನೆಯ ಕ್ರಮವನ್ನು ಗಮನಿಸಬೇಕು. ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸುವುದರಿಂದ, ಒಂದು ದಿನವನ್ನು ಬಿಟ್ಟು ಬರುವುದು ಮೂರನೆಯ ದಿನದ ಜ್ವರವಾಗುತ್ತದೆ. ಲ್ಯಾಟಿನ್ ಭಾಷೆಯ ವೈದ್ಯರೂ ಹೀಗೆಯೇ ಎಣಿಸಿ ಇವಕ್ಕೆ ಟರ್ಷಿಯನ್, ಕ್ವಾರ್ಟನ್ ಎಂದು ಹೆಸರಿಟ್ಟರು. ಈ ಸಂಗತಿಯನ್ನು ಮರೆತು, ತೃತೀಯಕವೆಂದರೆ ಮೂರು ದಿನಗಳ ಅಂತರವುಳ್ಳದ್ದೆಂದು ಬರೆಯುವ ಅನುವಾದಗಳು ಪರಿಹರಣೀಯವಾಗಿವೆ.

ಇನ್ನೊಂದು ಸೂಕ್ಷ್ಮವಾದ ಭೇದವನ್ನು ಚರಕನು ಹೇಳುತ್ತಾನೆ. ಅದು ಚತುರ್ಥಕವಿಪರ್ಯಯವು: ಮೊದಲನೆಯ ಮತ್ತು ಕೊನೆಯ ದಿನಗಳಲ್ಲಿ ಬಿಟ್ಟು, ನಡುವಣ ಎರಡು ದಿನಗಳಲ್ಲಿ ಬರುವ ಜ್ವರವು. ಚತುರ್ಥಕದಲ್ಲಿಯ ಗಣನೆಯನ್ನೇ ಇಲ್ಲಿಯೂ ಹಿಡಿದರೆ ಕೊನೆಯ ದಿನವೇ ಮುಂದಿನ ಆವರ್ತದ ಮೊದಲ ದಿನವಾಗಿ, ಎರಡು ದಿನ ಜ್ವರ, ಒಂದು ದಿನ ಬಿಡುವು, ಮತ್ತೆ ಎರಡು ದಿನ ಜ್ವರ ಎಂಬ ಕ್ರಮವು ಸಿದ್ಧಿಸುತ್ತದೆ. ಚತುರ್ಥಕವನ್ನುಂಟುಮಾಡುವ ಜೀವಾಣುಗಳ ಎರಡು ತಂಡಗಳು ಒಂದು ದಿನದ ಅಂತರದಲ್ಲಿ ಒಬ್ಬನ ರಕ್ತದಲ್ಲಿ ಬೆಳೆಯುತ್ತಿದ್ದರೆ ಈ ಕ್ರಮವೇ ಕಾಣುವುದೆಂದು ಇಂದಿನ ವೈದ್ಯರು ಹೇಳುತ್ತಾರೆ. ಇಂಥದನ್ನು ಊಹೆಯಿಂದ ಬರೆಯಲಾಗದು. ರೋಗಿಯ ಹಾಸಿಗೆಯ ಬಳಿಯಲ್ಲಿ ಕುಳಿತು ದಿನಗಳನ್ನು ಎಣಿಸಿದವನೇ ಇದನ್ನು ಬರೆಯಬಲ್ಲನು.

೩

ಇನ್ನು ಹೇತುವಿನ ವಿಚಾರ. ಜ್ವರಪ್ರಕರಣದ ಆರಂಭದಲ್ಲಿಯೇ ದಕ್ಷನ ಅಪಮಾನದಿಂದ ಕ್ರುದ್ಧನಾದ ರುದ್ರನ ನಿಃಶ್ವಾಸದಿಂದ ಜ್ವರವು ಹುಟ್ಟಿತೆಂಬ ಪೌರಾಣಿಕವಾದ ಉತ್ಪತ್ತಿಯಿದೆ. ಅನಂತರ ಮಿಥ್ಯಾಹಾರವಿಹಾರಗಳಿಂದ ದೋಷಗಳು ಕೆರಳಿ ಆಮಾಶಯವನ್ನು ಸೇರುವುವೆಂಬ ಸಾಮಾನ್ಯಕಾರಣವು ಹೇಳಲ್ಪಟ್ಟಿದೆ. ವಿಷಮಜ್ವರಕ್ಕೆ ವಿಶೇಷವಾಗಿ ಹೇಳಿದ ಕಾರಣವಿದು: ಜ್ವರವು ಬಿಟ್ಟ ಮನುಷ್ಯನು ಅಹಿತವಾದುದನ್ನು ಸೇವಿಸಿದಾಗ ಅಲ್ಪವಾಗಿ ಉಳಿದಿದ್ದ ದೋಷವು ಬಲಗೊಂಡು, ಯಾವುದಾದರೊಂದು ಧಾತುವನ್ನು ಹೊಕ್ಕು, ಜ್ವರವನ್ನು ಮರಳಿಸುತ್ತದೆ. ದೋಷವು ಆಳದ ಧಾತುವಿಗೆ ಇಳಿದಷ್ಟೂ ಜ್ವರವು ಮರಳಲು ಹೆಚ್ಚು ಕಾಲ ಬೇಕೆಂಬುದು ಪರ್ಯಾಯಕ್ಕೆ ಕೊಟ್ಟ ಉಪಪತ್ತಿ.

ಇಲ್ಲಿ ಒಂದು ಸಂಗತಿಯನ್ನು ಪರಿಶೀಲಿಸಬೇಕು. ಜ್ವರವು ಯಾವ ದಿನ ಬರುವುದೆಂಬುದರಲ್ಲಿ ಚರಕಸುಶ್ರುತರಿಗೆ ಭೇದವಿಲ್ಲ. ದೋಷವು ಯಾವ ಧಾತುವಿನಲ್ಲಿ ಇರುವುದೆಂಬುದರಲ್ಲಿ ಮಾತ್ರ ಭೇದವಿದೆ. ತೃತೀಯಕದಲ್ಲಿ ದೋಷವು ಮೇದೋಗತವೆಂದು ಸುಶ್ರುತನ ಮತ. ತೃತೀಯಕ ಚತುರ್ಥಕಗಳೆರಡರಲ್ಲಿಯೂ ಅದು ಅಸ್ಥಿಮಜ್ಜಗತವೆಂದು ಚರಕನ ಒಂದು ವಚನ. ತೃತೀಯಕವು ಮಾಂಸದ ಸ್ರೋತಸ್ಸುಗಳಿಂದಲೂ ಚತುರ್ಥಕವು ಮೇದಸ್ಸಿನ ಮಾರ್ಗದಿಂದಲೂ ಹುಟ್ಟುವುವೆಂದು ಚರಕಸಂಹಿತೆಯಲ್ಲಿಯೇ ಇನ್ನೊಂದು ವಚನ. ವ್ಯಾಖ್ಯಾನಕಾರರು ಇವಕ್ಕೆ ಸಮನ್ವಯವನ್ನು ಹೇಳಲು ಶ್ರಮಪಟ್ಟಿದ್ದಾರೆ. ಆದರೆ ಸಮನ್ವಯಕ್ಕಿಂತ ಈ ಭೇದದಿಂದಲೇ ನಾವು ಹೆಚ್ಚಿನ ಪಾಠವನ್ನು ಕಲಿಯಬಹುದೆಂದು ನಾನು ಭಾವಿಸುತ್ತೇನೆ. ಪ್ರತ್ಯಕ್ಷವಿದ್ದೆಡೆಯಲ್ಲಿ ಋಷಿಗಳಿಗೆ ಐಕಮತ್ಯವಿದೆ; ಅನುಮಾನಕ್ಕೆ ಹೊರಟೆಡೆಯಲ್ಲಿ ಮತಭೇದವಿದೆ. ಲಿಂಗವು ಕಂಡದ್ದು, ಹೇತುವು ಕಲ್ಪಿಸಿದ್ದು. ಗ್ರಂಥದ ಒಳಗಿನಿಂದಲೇ ದೊರೆಯುವ ಈ ಪ್ರಮಾಣವನ್ನು ಬಿಟ್ಟು ಹೊರಗಿನ ಪ್ರಮಾಣವನ್ನು ಮೊದಲು ಹುಡುಕತಕ್ಕದ್ದಿಲ್ಲ.

ಕಲ್ಪಿಸಿದುದೆಂದ ಮಾತ್ರಕ್ಕೆ ಅದನ್ನು ಹಾಸ್ಯಮಾಡಲೂ ಆಗದು. ಬೀಜವು ನೆಲದಲ್ಲಿ ಮಲಗಿದ್ದು ಕಾಲ ಬಂದಾಗ ಮೊಳೆಯುವಂತೆ ದೋಷವು ಧಾತುವಿನಲ್ಲಿ ಮಲಗಿದ್ದು ಕಾಲದಲ್ಲಿ ಕೆರಳುವುದೆಂಬ ಚರಕನ ಉಪಮೆಯು ಶಾಸ್ತ್ರಗದ್ಯಪದ್ಯಗಳಲ್ಲಿ ಅಪರೂಪವಾದ ಔಚಿತ್ಯವುಳ್ಳದ್ದು. ಜ್ವರವು ಬಿಟ್ಟ ದಿನದಲ್ಲಿಯೂ ರೋಗವು ಬಿಟ್ಟಿಲ್ಲವೆಂಬ ತತ್ತ್ವವನ್ನು ಅದು ಎಂಥ ಮಂದಬುದ್ಧಿಯ ಶಿಷ್ಯನಿಗೂ ಒಮ್ಮೆಗೇ ತಿಳಿಸುತ್ತದೆ. ವಿಷಮಜ್ವರದಲ್ಲಿ ಪ್ರಾಯಶಃ ಆಗಂತುವಾದ ಅಂಶವೊಂದು ಕೂಡಿರುತ್ತದೆಂದೂ ಚರಕನು ಹೇಳಿದ್ದಾನೆ. ಇದನ್ನು ಭೂತಾಭಿಷಂಗದಿಂದ ಹುಟ್ಟಿದುದೆಂದು ಕೆಲವರು ಹೇಳುವರೆಂದು ಸುಶ್ರುತನು ಪರಮತವಾಗಿ ಸೂಚಿಸಿದ್ದಾನೆ. ದೋಷಗಳಿಂದ ಮಾತ್ರ ಈ ಜ್ವರದ ನಿಯಮವನ್ನು ಪೂರ್ಣವಾಗಿ ವಿವರಿಸಲಾಗದೆಂಬ ಅತೃಪ್ತಿಯು ಆಚಾರ್ಯರಿಗೇ ಇದ್ದಿತೆಂಬುದು ಇದರಿಂದ ಊಹ್ಯವು.

೪

ಕಾರಣವೆಂದರೇನೆಂದು ನಿರ್ಣಯಿಸುವುದು ತರ್ಕಶಾಸ್ತ್ರದ ಕೆಲಸ. ಕಾರ್ಯಕ್ಕೆ ನಿಯಮದಿಂದ ಪೂರ್ವದಲ್ಲಿರುವುದಾಗಿಯೂ ಅನ್ಯಥಾಸಿದ್ಧವಲ್ಲದುದಾಗಿಯೂ ಇರುವುದೇ ಕಾರಣವೆಂದು ನಾವು ಬಾಲ್ಯದಲ್ಲಿ ತರ್ಕಸಂಗ್ರಹದ ಪಾಠದಲ್ಲಿ ಕಲಿತಿದ್ದೇವೆ. ಕುಂಬಾರನ ಮನೆಗೆ ಮಣ್ಣನ್ನು ಹೊತ್ತು ತಂದ ಕತ್ತೆಯು ಗಡಿಗೆಗಿಂತ ಮೊದಲೇ ಇದ್ದರೂ ಗಡಿಗೆಗೆ ಕಾರಣವಲ್ಲ, ಅದು ಅನ್ಯಥಾಸಿದ್ಧವು. ಯಾವುದು ಇದ್ದರೆ ಕಾರ್ಯವು ಇರುವುದೋ ಎಂಬ ಅನ್ವಯವನ್ನೂ, ಯಾವುದು ಇಲ್ಲದಿದ್ದರೆ ಕಾರ್ಯವು ಇಲ್ಲವೋ ಎಂಬ ವ್ಯತಿರೇಕವನ್ನೂ ನೋಡಿಯೇ ಕಾರಣವನ್ನು ನಿಶ್ಚಯಿಸಬೇಕು. ಇದು ನಮ್ಮ ಮನೆಯ ಒರೆಗಲ್ಲು. ನಮ್ಮ ವೈದ್ಯಗ್ರಂಥಗಳನ್ನು ಇದರಮೇಲೆ ಉಜ್ಜಿ ನೋಡಿದರೆ ಪರಕೀಯಮಾನದಿಂದ ಅಳೆದರೆಂಬ ಆಕ್ಷೇಪಕ್ಕೆ ಅವಕಾಶವಿರುವುದಿಲ್ಲ.

ಜ್ವರ ಬಿಟ್ಟವನ ಅಹಿತಸೇವನೆಯು ವಿಷಮಜ್ವರಕ್ಕೆ ಕಾರಣವೆಂಬ ವಾಕ್ಯವನ್ನು ಹೀಗೆ ಪರೀಕ್ಷಿಸೋಣ. ತೃತೀಯಕವು ಒಂದು ದಿನ ಬಿಡುತ್ತದೆ. ಆ ಬಿಡುವಿನ ದಿನದಲ್ಲಿ ರೋಗಿಯು ಹಸಿವಿನಿಂದ ಏನನ್ನಾದರೂ ಉಣ್ಣುತ್ತಾನೆ. ಮರುದಿನ ಜ್ವರವು ಮರಳುತ್ತದೆ. ಉಂಡದ್ದು ಪೂರ್ವದಲ್ಲಿದೆ, ಜ್ವರವು ಉತ್ತರದಲ್ಲಿದೆ. ಪ್ರತಿಸಲವೂ ಹೀಗೆಯೇ ಆಗುವುದರಿಂದ ನಿಯತಪೂರ್ವವೃತ್ತಿತ್ವವೂ ತೋರುತ್ತದೆ. ಎಂದರೆ ಪರ್ಯಾಯವೆಂಬ ಗುಣವೇ ಸುಳ್ಳು ಕಾರಣವೊಂದನ್ನು ಹುಟ್ಟಿಸಿ ಕೊಡುತ್ತದೆ! ಏನನ್ನೂ ಉಣ್ಣದೆ ಅಥವಾ ಪಥ್ಯವನ್ನೇ ಉಂಡಿದ್ದರೂ ಜ್ವರವು ಅದೇ ಹೊತ್ತಿಗೆ ಬರುತ್ತಿತ್ತೆಂಬ ವ್ಯತಿರೇಕಪರೀಕ್ಷೆಯನ್ನು ಮಾತ್ರ ಯಾರೂ ಮಾಡಲಿಲ್ಲ. ಅನ್ವಯವೊಂದರಿಂದಲೇ ತೃಪ್ತರಾದುದರಿಂದ ಇಲ್ಲಿ ಕತ್ತೆಯು ಕುಂಬಾರನ ಪೀಠವನ್ನೇರಿತು.

ಇದು ಬರಿಯ ತರ್ಕದ ಮಾತಲ್ಲವೆಂದು ತೋರಿಸಲು ನನ್ನ ಮನೆಯ ಸಂಗತಿಯೊಂದನ್ನು ಹೇಳಿದರೆ ವಾಚಕರು ಮನ್ನಿಸುವರೆಂದು ನಂಬಿದ್ದೇನೆ. ನನ್ನ ಅಜ್ಜಿಯು ಮಲೆನಾಡಿನ ಸೆರಗಿನ ಊರಿನವಳು. ಅವಳ ಚೊಚ್ಚಲ ಮಗನು ಎಳೆಯ ವಯಸ್ಸಿನಲ್ಲಿಯೇ ಚಳಿಜ್ವರದಿಂದ ತೀರಿಕೊಂಡನು. ಜ್ವರ ಬಿಟ್ಟ ದಿನ ಮಗುವು ಹಟಮಾಡಿತೆಂದು ಅವಳು ಮಜ್ಜಿಗೆಯನ್ನವನ್ನು ಕೊಟ್ಟಿದ್ದಳು; ಮರುದಿನ ಜ್ವರವು ಮರಳಿತು. ಮಜ್ಜಿಗೆಯಿಂದಲೇ ಹೀಗಾಯಿತೆಂದು ಚಿಕಿತ್ಸೆಗೆ ಬಂದವರು ಹೇಳಿದರಂತೆ. ಆ ಮಾತನ್ನು ಅವಳು ಕೊನೆಯವರೆಗೂ ಮರೆಯಲಿಲ್ಲ. ಆ ತಿಥಿಯ ದಿನ ಮಜ್ಜಿಗೆಯನ್ನು ಮುಟ್ಟುತ್ತಿರಲಿಲ್ಲ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ವಿಷಮಜ್ವರದ ಈ ಶ್ಲೋಕಗಳನ್ನು ಮನೆಯಲ್ಲಿ ಗಟ್ಟಿಯಾಗಿ ಉರುಹೊಡೆಯುತ್ತ ಅರ್ಥವನ್ನು ಹೇಳಿಕೊಳ್ಳುತ್ತಿದ್ದೆನು. ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳಿ, ‘ಶಾಸ್ತ್ರದಲ್ಲಿಯೂ ಹಾಗೆಯೇ ಇದೆಯೆ?’ ಎಂದು ಕೇಳಿದಳು. ಇದೆಯೆಂದು ನಾನು ಹೇಳಿದೆನು. ಅಂದು ನನಗೆ ಬೇರೆ ಉತ್ತರವು ತಿಳಿದಿರಲಿಲ್ಲ. ತಪ್ಪಾದ ಲಕ್ಷಣವು ವೈದ್ಯನನ್ನು ದಾರಿತಪ್ಪಿಸುತ್ತದೆ. ತಪ್ಪಾದ ಹೇತುವು ನಿರಪರಾಧಿಯಮೇಲೆ ಅಪರಾಧವನ್ನು ಹೊರಿಸುತ್ತದೆ.

೫

ನಿಜವಾದ ಕಾರಣವು ತಿಳಿದು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಐರೋಪ್ಯರೂ ಬಹುಕಾಲ ಕತ್ತೆಯನ್ನೇ ಕುಂಬಾರನೆಂದು ತಿಳಿದಿದ್ದರು. ಮಲೇರಿಯವೆಂಬ ಇಟಾಲಿಯನ್ ಪದಕ್ಕೆ ಕೆಟ್ಟ ಗಾಳಿಯೆಂದೇ ಅರ್ಥ. ಜೌಗುನೆಲದ ಗಾಳಿಯು ಜ್ವರವನ್ನು ತರುವುದೆಂದು ಅವರ ನಂಬಿಕೆಯಾಗಿತ್ತು. ೧೮೨೦ರಲ್ಲಿ ಸಿಂಕೋನ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದಮೇಲೆ ಉಪಶಯವು ಕೈಗೆ ದೊರೆತಿತ್ತು. ಆದರೂ ಹೇತುವು ಅಜ್ಞಾತವಾಗಿಯೇ ಉಳಿದಿತ್ತು. ೧೮೮೦ರಲ್ಲಿ ಅಲ್ಜೀರಿಯದ ಕಾನ್‌ಸ್ಟಂಟೀನ್ ನಗರದಲ್ಲಿ ಲಾವೆರಾನನು ರೋಗಿಯ ರಕ್ತದಲ್ಲಿ ಜೀವಾಣುವನ್ನು ಕಂಡನು. ಕೆಲವೇ ವರ್ಷಗಳಲ್ಲಿ ಇಟಲಿಯ ಗಾಲ್ಜಿಯು ಈ ಜೀವಾಣುಗಳು ಕೆಂಪು ರಕ್ತಕಣಗಳಲ್ಲಿ ಬೆಳೆದು, ಕಣಗಳು ಒಮ್ಮೆಗೇ ಒಡೆಯುವ ಹೊತ್ತಿಗೆ ಜ್ವರವು ಏರುವುದೆಂದೂ, ಒಂದು ಜಾತಿಗೆ ಈ ಆವರ್ತವು ೪೮ ಗಂಟೆಗಳೆಂದೂ ಇನ್ನೊಂದಕ್ಕೆ ೭೨ ಗಂಟೆಗಳೆಂದೂ ತೋರಿಸಿದನು. ತೃತೀಯಕ ಚತುರ್ಥಕಗಳ ರಹಸ್ಯವು ಇದೇ. ದೋಷದ ಆಳವಲ್ಲ, ಜೀವಾಣುವಿನ ಆಯುಷ್ಯವು ದಿನಗಳನ್ನು ನಿಯಮಿಸುತ್ತದೆ.

ಜೀವಾಣುವು ಮನುಷ್ಯನನ್ನು ಹೊಗುವ ದಾರಿಯನ್ನು ಕಂಡವನು ರೊನಾಲ್ಡ್ ರಾಸನು. ೧೮೯೫ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸಮಾಡಿದ್ದ ಈತನು ೧೮೯೭ನೆಯ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಕುಡಿದಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಆ ಜೀವಾಣುವಿನ ರೂಪವನ್ನು ಕಂಡನು. ಮಾರನೆಯ ವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಜ್ವರದ ಪೂರ್ಣಚಕ್ರವನ್ನು ಸ್ಥಾಪಿಸಿದನು. ಮನುಷ್ಯರ ಜ್ವರವನ್ನು ಸಾಗಿಸುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂದು ೧೮೯೮ರಲ್ಲಿಯೇ ಇಟಲಿಯ ಗ್ರಾಸಿ ಮೊದಲಾದವರು ನಿರ್ಣಯಿಸಿದರು.

ತರ್ಕಶಾಸ್ತ್ರವನ್ನು ಓದಿದವರಿಗೆ ಹೆಚ್ಚು ಪ್ರಿಯವಾಗತಕ್ಕದ್ದು ೧೯೦೦ರ ಎರಡು ಪರೀಕ್ಷೆಗಳು. ಪ್ಯಾಟ್ರಿಕ್ ಮ್ಯಾನ್‌ಸನನು ರೋಮಿನಿಂದ ಜ್ವರದ ಜೀವಾಣುವುಳ್ಳ ಸೊಳ್ಳೆಗಳನ್ನು ಲಂಡನ್ನಿಗೆ ತರಿಸಿ ತನ್ನ ಮಗನನ್ನೇ ಕಚ್ಚಿಸಿದನು; ಜೌಗಿನ ಗಾಳಿಯಿಲ್ಲದ ಆ ನಗರದಲ್ಲಿಯೂ ಅವನಿಗೆ ಜ್ವರವು ಬಂದಿತು. ಅದೇ ವರ್ಷ ಸಾಂಬನ್, ಲೋ ಎಂಬ ವೈದ್ಯರು ರೋಮಿನ ಬಳಿಯ ಜ್ವರಪೀಡಿತವಾದ ಜೌಗುಸೀಮೆಯಲ್ಲಿ, ಕಿಟಕಿಬಾಗಿಲುಗಳಿಗೆ ತಂತಿಯ ಬಲೆಯನ್ನು ಹಾಕಿದ ಗುಡಿಸಲಿನಲ್ಲಿ ಜ್ವರದ ಋತುವನ್ನೆಲ್ಲ ಕಳೆದರು. ರಾತ್ರಿಯ ಗಾಳಿಯು ಒಳಕ್ಕೆ ಬರುತ್ತಿತ್ತು, ಸೊಳ್ಳೆಯು ಬರುತ್ತಿರಲಿಲ್ಲ. ಅವರಿಗೆ ಜ್ವರವು ಬರಲಿಲ್ಲ. ಮೊದಲನೆಯದು ಗಾಳಿಯಿಲ್ಲದೆ ಸೊಳ್ಳೆಯಿರುವಲ್ಲಿ ಜ್ವರವುಂಟೆಂಬ ಅನ್ವಯವು. ಎರಡನೆಯದು ಗಾಳಿಯಿದ್ದೂ ಸೊಳ್ಳೆಯಿಲ್ಲದಲ್ಲಿ ಜ್ವರವಿಲ್ಲವೆಂಬ ವ್ಯತಿರೇಕವು. ಕೆಟ್ಟ ಗಾಳಿಯು ಅನ್ಯಥಾಸಿದ್ಧವೆಂದು ಅಂದಿಗೆ ನಿಶ್ಚಿತವಾಯಿತು. ಗೌತಮನ ಶಿಷ್ಯರು ಕಾರಣಪರೀಕ್ಷೆಗೆ ಹಾಕಿಕೊಟ್ಟ ಲಕ್ಷಣವನ್ನು ಅದನ್ನು ಓದದವರು ಆಚರಿಸಿದರು. ಓದಿದ ನಾವು ಗಡಿಗೆ, ವಸ್ತ್ರಗಳ ಉದಾಹರಣೆಗಳಲ್ಲಿಯೇ ನಿಂತೆವು.

೬

ಈಗ ಅತ್ಯುತ್ಸಾಹದ ಪಕ್ಷವನ್ನು ವಿಚಾರಿಸಬೇಕಾಗಿದೆ. ಸುಶ್ರುತನು ಕಲ್ಪಸ್ಥಾನದಲ್ಲಿ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂಬ ಐದು ವಿಧದ ಸೊಳ್ಳೆಗಳನ್ನು ಹೇಳಿರುವುದರಿಂದ, ಮಲೇರಿಯಕ್ಕೆ ಸೊಳ್ಳೆಯು ಕಾರಣವೆಂಬುದು ಅವನಿಗೆ ತಿಳಿದಿತ್ತೆಂದು ಹಲವರು ಬರೆಯುತ್ತಾರೆ, ತರಗತಿಗಳಲ್ಲಿಯೂ ಹೇಳುತ್ತಾರೆ. ಪ್ರಕರಣವನ್ನು ನೋಡಿದರೆ ಈ ವಾದವು ನಿಲ್ಲುವುದಿಲ್ಲ. ಕಲ್ಪಸ್ಥಾನದ ವಿಷಯವು ವಿಷ; ಆ ಅಧ್ಯಾಯದ ವಿಷಯವು ಕೀಟಗಳ ಕಡಿತ. ಅಲ್ಲಿ ಸೊಳ್ಳೆಯ ಕಡಿತಕ್ಕೆ ಹೇಳಿದ ಫಲವು ತೀವ್ರವಾದ ತುರಿಕೆ ಮತ್ತು ಬಾವು. ಪಾರ್ವತೀಯದ ಕಡಿತವು ಪ್ರಾಣಹರವಾದ ಕೀಟಗಳ ಕಡಿತಕ್ಕೆ ಸಮಾನವಾದ ಲಕ್ಷಣವುಳ್ಳದ್ದೆಂದಿದೆ. ವಿಷಮಜ್ವರದ ಹೆಸರು ಅಲ್ಲಿಲ್ಲ. ಉತ್ತರತಂತ್ರದಲ್ಲಿ ವಿಷಮಜ್ವರವನ್ನು ವಿಸ್ತಾರವಾಗಿ ಹೇಳುವಾಗ ಸೊಳ್ಳೆಯ ಹೆಸರಿಲ್ಲ. ಒಂದೇ ಗ್ರಂಥದಲ್ಲಿ ಎರಡೂ ಇರುವಾಗ ಅವೆರಡನ್ನೂ ಆಚಾರ್ಯನು ಕೂಡಿಸದೆ ಬಿಟ್ಟುದೇ, ಆ ಸಂಬಂಧವು ಅವನಿಗೆ ತಿಳಿದಿರಲಿಲ್ಲವೆಂಬುದಕ್ಕೆ ಬಲವಾದ ಲಿಂಗವು. ಉಪಕ್ರಮೋಪಸಂಹಾರಗಳನ್ನು ನೋಡಿ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ಮೀಮಾಂಸೆಯಲ್ಲಿ ಕಲಿತವರು ಇಲ್ಲಿ ಮಾತ್ರ ಆ ನ್ಯಾಯವನ್ನು ಬಿಡುವುದು ಸಲ್ಲದು.

ಬೀಜದ ಉಪಮೆಗೂ ಇದೇ ಮಾತು. ತೃತೀಯಕದ ಒಂದು ಜಾತಿಯ ಜೀವಾಣುವು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು ಅನಂತರ ಎಚ್ಚರಗೊಳ್ಳುವುದೆಂದು ಇತ್ತೀಚೆಗೆ ತಿಳಿದಿದೆ. ಚರಕನ ಉಪಮೆಯು ಇದಕ್ಕೆ ಆಶ್ಚರ್ಯಕರವಾಗಿ ಒಪ್ಪುತ್ತದೆ. ಆದರೆ ಉಪಮೆಯು ಒಪ್ಪಿದುದರಿಂದ ಉಪಮೇಯದ ಜ್ಞಾನವು ಸಿದ್ಧಿಸುವುದಿಲ್ಲ. ಚರಕನು ಬೀಜವೆಂದದ್ದು ದೋಷವನ್ನು, ಜೀವಾಣುವನ್ನಲ್ಲ. ಉಪಮೆಯನ್ನು ಉಪಮೆಯೆಂದೇ ಮೆಚ್ಚುವುದು ಸಾಹಿತ್ಯಾಧ್ಯಾಪಕರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣಗಳಂಥ ಕನ್ನಡ ವೈದ್ಯಗ್ರಂಥಗಳನ್ನು ಪಾಠಹೇಳುವಾಗಲೂ ಈ ವಿವೇಕವನ್ನು ಇಟ್ಟುಕೊಂಡರೆ ಒಳ್ಳೆಯದು. ಕವಿಯು ಕಂಡದ್ದು ಯಾವುದು, ಕೇಳಿದ್ದು ಯಾವುದು, ಕಲ್ಪಿಸಿದ್ದು ಯಾವುದು ಎಂದು ಶಿಷ್ಯರಿಗೆ ಬೇರ್ಪಡಿಸಿ ತೋರಿಸಬೇಕು.

೭

ಹಾಗಾದರೆ ಹೇತುವಿನ ವಿಷಯದಲ್ಲಿ ಹಳಬರಿಂದ ಕಲಿಯತಕ್ಕದ್ದು ಏನೂ ಇಲ್ಲವೆ? ಇದೆ. ಮಾಧವನಿದಾನಕ್ಕೆ ಮಧುಕೋಶವೆಂಬ ವ್ಯಾಖ್ಯಾನವನ್ನು ಆರಂಭಿಸಿದ ವಿಜಯರಕ್ಷಿತನು ಹೇತುವನ್ನು ಸನ್ನಿಕೃಷ್ಟ, ವಿಪ್ರಕೃಷ್ಟ, ವ್ಯಭಿಚಾರಿ, ಪ್ರಾಧಾನಿಕವೆಂದು ನಾಲ್ಕಾಗಿ ವಿಭಾಗಿಸಿದ್ದಾನೆ. ಹತ್ತಿರದ್ದು, ದೂರದ್ದು, ದುರ್ಬಲವಾದುದರಿಂದ ತಾನೇ ರೋಗವನ್ನು ಹುಟ್ಟಿಸಲಾರದ್ದು, ವಿಷದಂತೆ ಪ್ರಬಲವಾದುದು ಎಂದು ಇವುಗಳ ಅರ್ಥ. ಅವನು ಕೊಟ್ಟ ಉದಾಹರಣೆಗಳು ದೋಷಗಳಿಗೆ ಸಂಬಂಧಿಸಿದವು. ಆದರೆ ವಿಭಾಗವು ಉದಾಹರಣೆಗಳಿಗಿಂತ ದೊಡ್ಡದು. ಮಲೇರಿಯದಲ್ಲಿ ಜೀವಾಣುವು ಸನ್ನಿಕೃಷ್ಟವೂ ಪ್ರಾಧಾನಿಕವೂ ಆದ ಹೇತುವು. ನಿಂತ ನೀರು, ಬಲೆಯಿಲ್ಲದ ಮನೆ, ಔಷಧವು ತಲಪದ ಊರು ಇವು ವಿಪ್ರಕೃಷ್ಟಗಳು. ವಿಪ್ರಕೃಷ್ಟವನ್ನು ಮರೆತರೆ ಏನಾಗುವುದೆಂಬುದನ್ನು ನಮ್ಮ ದೇಶದ ಚರಿತ್ರೆಯೇ ತೋರಿಸಿತು. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯವು ಆರಂಭವಾಗಿ, ೧೯೬೦ರ ದಶಕದ ಮೊದಲಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದ ರೋಗಿಗಳ ಲೆಕ್ಕವು ೧೯೭೬ರಲ್ಲಿ ೬೦ ಲಕ್ಷವನ್ನು ದಾಟಿತು. ಜೀವಾಣುವಿನ ಜ್ಞಾನವು ಆ ಅವಧಿಯಲ್ಲಿ ಕಡಮೆಯಾಗಿರಲಿಲ್ಲ. ಸಡಿಲವಾದದ್ದು ದೂರದ ಹೇತುಗಳಮೇಲಿನ ಎಚ್ಚರವು.

ಲಕ್ಷಣಗಳ ಯಾಥಾರ್ಥ್ಯವನ್ನು ಹೊಗಳಿದೆನೆಂದು, ಚಳಿಜ್ವರ ಬಂದವರು ತೃತೀಯಕವೋ ಚತುರ್ಥಕವೋ ಎಂದು ದಿನವನ್ನೆಣಿಸುತ್ತ ಕುಳಿತಿರತಕ್ಕದ್ದೆಂದು ಯಾರೂ ತಿಳಿಯಬಾರದು. ಪ್ರಾಣಕ್ಕೆ ಹೆಚ್ಚು ಅಪಾಯಕರವಾದ ಜಾತಿಯ ಜ್ವರವು ಅನೇಕವೇಳೆ ಯಾವ ಪರ್ಯಾಯವನ್ನೂ ಪಾಲಿಸುವುದಿಲ್ಲ. ಒಂದು ಹನಿ ರಕ್ತದ ಪರೀಕ್ಷೆಯು ಮಾಡುವ ನಿರ್ಣಯವನ್ನು ಶ್ಲೋಕವು ಮಾಡಲಾರದು.

ಮಾಧವಕರನಿಗೆ ನಾವು ಸಲ್ಲಿಸಬಹುದಾದ ಗೌರವವು ಅವನನ್ನು ಅವನ ಅಳತೆಯಲ್ಲಿಯೇ ಓದುವುದು. ಕಂಡದ್ದನ್ನು ಅವನು ಸಂಗ್ರಹಿಸಿದ ಕಡೆ ಅವನು ಇಂದಿಗೂ ಗುರುವು. ಕಾಣದುದನ್ನು ಅವನ ಪೂರ್ವಾಚಾರ್ಯರು ಊಹಿಸಿದ ಕಡೆ ಅವನು ತನ್ನ ಕಾಲದವನು. ಇವೆರಡನ್ನು ಬೆರಸದೆ ಪಾಠ ಹೇಳುವುದು ಇಂದಿನ ಅಧ್ಯಾಪಕರ ಕರ್ತವ್ಯವಾಗಿದೆ. ಶಾಸ್ತ್ರದಲ್ಲಿಯೂ ಹಾಗೆಯೇ ಇದೆಯೆ ಎಂದು ಮತ್ತೆ ಯಾರಾದರೂ ಬಾಗಿಲ ಮರೆಯಿಂದ ಕೇಳಿದರೆ, ಹಾಗೆ ಇದೆ, ಆದರೆ ಅದು ಊಹೆ. ಮಜ್ಜಿಗೆಯಿಂದ ಆದದ್ದಲ್ಲ, ಎಂದು ಹೇಳಲು ನಮ್ಮ ಶಿಷ್ಯರು ಸಮರ್ಥರಾಗಿರಬೇಕು.